ತೃಪ್ತಿ ವ್ಯಕ್ತಪಡಿಸಿದರು

"ಓದಿ ಮೇಷ್ಟ್ರೆ. ನಾನ್ ಯೋಳಿದ್ದೆಲ್ಲ ಅದ್ರಲ್ಲೇ ಐತಲ್ಲ," ಎಂದು ಚಿಕ್ಕನಂಜಮ್ಮ ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಳು.

ಸಂಪತ್ ಕುಮಾರನ ಮುಂದೆ ಸುಸ್ಥಿರತಾ ಸಮಿತಿಯ ನಡಾವಳಿ ಪುಸ್ತಕ ತೆರೆದಿತ್ತು. ಮೇಜಿನ ಆಚೆ ಬದಿಗೆ, ಕಾಲೇಜನ್ನು ನೋಡಿ ದರ್ಜೆ ಕೊಡಲು ಹೊರರಾಜ್ಯದಿಂದ ಬಂದಿದ್ದ ಇಬ್ಬರು ಪ್ರೊಫೆಸರುಗಳು, ಒಬ್ಬಾತ, ಒಬ್ಬಾಕೆ. ಇಬ್ಬರಿಗೂ ಕನ್ನಡದ ಗಂಧಗಾಳಿ ಇಲ್ಲ. ಅವರಿಗೆ ಇಂಗ್ಲಿಷಿನಲ್ಲಿ ತಿಳಿಸಲೆಂದು ಎರಡನೇ ವರ್ಷದ ಆಶಾರಾಣಿಯನ್ನು ಸಂಪತ್ ಕುಮಾರನ ಮಗ್ಗುಲಲ್ಲೇ ಕೂರಿಸಿದ್ದರು. ಬೆಳಕವಾಡಿಯ ಹುಡುಗಿ, ತರಗತಿಯಲ್ಲಿ ಎಲ್ಲರಿಗಿಂತ ಚುರುಕು. ನಿರ್ದೇಶಕ ಶಶಿಧರ್ ಬಾಗಿಲ ಬಳಿ ನಿಂತಿದ್ದರು. ಬೆಳಗ್ಗೆಯಿಂದ ಹಚ್ಚಿಕೊಂಡಿದ್ದ ನಗು ಅವರ ಮುಖದಲ್ಲಿ ಇನ್ನೂ ಉಳಿದಿತ್ತು.

ಮಾತು ತೆಗೆದದ್ದು ಆ ಪ್ರೊಫೆಸರಮ್ಮ. ಕಾಲೇಜಿನ ಸಮಿತಿಯಲ್ಲಿ ಊರಿನ ರೈತ ಹೆಂಗಸೊಬ್ಬಳು ಸದಸ್ಯೆ ಎಂದು ತಿಳಿದು ಆಕೆಗೆ ಖುಷಿಯಾಗಿತ್ತು. ಸಭೆಗೆ ನಿಜವಾಗಿಯೂ ಬರುತ್ತೀರಾ ಎಂದು ಕೇಳಿದರೆ ಚಿಕ್ಕನಂಜಮ್ಮ, "ಒಂಬತ್ ಸಬೆಗೂ ಬಂದಿವ್ನಿ ಕಣಮ್ಮ, ಒಂದೂ ತಪ್ಪಿಸಿಲ್ಲ," ಎಂದಳು. ಅಲ್ಲಿ ಏನು ಹೇಳುತ್ತೀರಿ ಎಂದರೆ, "ಎಲ್ಲ ಮೇಷ್ಟ್ರು ಬರ್ಕಂಡವ್ರೆ, ಓದ್ತಾರೆ ಕೇಳಿ," ಎಂದು ಸಂಪತ್ ಕುಮಾರನ ಕಡೆ ಕೈ ತೋರಿಸಿದಳು. ಆ ಕೈಯಲ್ಲಿ ಅನುಮಾನದ ಒಂದು ಎಳೆಯೂ ಇರಲಿಲ್ಲ.

ತೆರೆದಿದ್ದ ಪುಟದಲ್ಲಿ ಅವನದೇ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: 'ಸಮುದಾಯದ ಪ್ರತಿನಿಧಿ ಶ್ರೀಮತಿ ಚಿಕ್ಕನಂಜಮ್ಮನವರು ಸಂಸ್ಥೆಯ ಜಲ ನಿರ್ವಹಣೆಯ ಬಗ್ಗೆ ತೃಪ್ತಿ ವ್ಯಕ್ತಪಡಿಸಿದರು.'

ಸಂಪತ್ ಕುಮಾರ ಆ ಸಾಲಿನ ಮೇಲೆಯೇ ಬೆರಳಿಟ್ಟು ಓದಲು ಶುರುಮಾಡಿದ.

"ಹಾಸ್ಟೆಲಿನ ಅಡಿಗೆಮನೆ ಮತ್ತು ಬಚ್ಚಲುಮನೆಗಳ ನೀರು ಹಿಂದಿನ ಪೈಪಿನಿಂದ ನೇರವಾಗಿ ಕಾಲುವೆಗೆ ಬೀಳುತ್ತಿದೆ. ಗಂಜಿ, ಎಣ್ಣೆ, ಸೋಪಿನ ನೊರೆ ಎಲ್ಲ ಗದ್ದೆಗೆ ಹರಿದು ಭತ್ತದ ಒಟ್ಲಿನಲ್ಲಿ ಸಸಿ ಹಳದಿ ತಿರುಗುತ್ತಿದೆ. ನಾಟಿ ಮಾಡುವ ಹೆಂಗಸರಿಗೆ ಮೊಣಕಾಲಿನ ತನಕ ಕೆರೆತ, ಹುಣ್ಣು. ಪೈಪನ್ನು ಬೇರೆ ಕಡೆ ತಿರುಗಿಸಬೇಕು, ಇಲ್ಲವೇ ಇಂಗುಗುಂಡಿ ತೋಡಬೇಕು ಎಂದು ಶ್ರೀಮತಿ ಚಿಕ್ಕನಂಜಮ್ಮನವರು ಸಭೆಯ ಗಮನಕ್ಕೆ ತಂದರು."

ಒಂದು ಮಾತೂ ಅವನು ಹುಟ್ಟಿಸಿ ಹೇಳಿದ್ದಲ್ಲ. ಎರಡು ವರ್ಷಗಳಿಂದ ಅವಳು ಮತ್ತೆ ಮತ್ತೆ ಹೇಳಿದ್ದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಚಿಕ್ಕನಂಜಮ್ಮ ಪ್ರತಿ ಸಾಲಿಗೂ ತಲೆದೂಗಿದಳು. ಆಶಾರಾಣಿ ಪುಸ್ತಕದ ಮೇಲೆ ಒಮ್ಮೆ ಕಣ್ಣು ಹಾಯಿಸಿದಳು. ಮುಖ ಎತ್ತದೆ, ತಡವರಿಸದೆ, ಅವನು ಓದಿದ್ದನ್ನು ಹಾಗೆಯೇ ಇಂಗ್ಲಿಷಿಗೆ ತಂದಳು. ಬಾಗಿಲಲ್ಲಿದ್ದ ಶಶಿಧರ್ ಮುಖದ ನಗು ಹೋಯಿತು. ಆದರೆ ಪ್ರೊಫೆಸರಮ್ಮ ಪೆನ್ನು ತೆಗೆದು ಏನೋ ಬರೆದುಕೊಂಡು, ತನ್ನ ಸಂಗಾತಿಯ ಕಡೆ ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದ್ದನ್ನು ಕಂಡು ಅದು ಹಾಗೇ ವಾಪಸ್ಸು ಬಂತು.

ಸಭೆ ಮುಗಿದು ಎಲ್ಲರೂ ಊಟಕ್ಕೆ ಎದ್ದಾಗ ಆಶಾರಾಣಿ ಪಡಸಾಲೆಯಲ್ಲಿ ಅವನಿಗಾಗಿ ನಿಂತಿದ್ದಳು.

"ಸರ್, ಒಂದು ಕೇಳ್ಬೇಕಿತ್ತು. ನಾನು ಯಾವುದನ್ನ ಇಂಗ್ಲಿಷಿಗೆ ಮಾಡ್ಬೇಕಿತ್ತು? ಬರೆದಿರೋದನ್ನೋ, ನೀವು ಓದಿದ್ದನ್ನೋ?"

ಕುಹಕವಿಲ್ಲ, ಸಿಟ್ಟಿಲ್ಲ. ಪಾಠದಲ್ಲಿ ಅರ್ಥವಾಗದ್ದನ್ನು ಕೇಳುವಾಗಿನ ದನಿ. ಅವನು, "ಊಟ ಮಾಡಿದ್ಯೇನಮ್ಮ?" ಎಂದ. ಅವಳು ಇಲ್ಲ ಎಂದಳು. ಅವನು, "ಹೋಗು, ಮೊದಲು ಊಟ ಮಾಡು," ಎಂದು ಹೇಳಿ ಸಿಬ್ಬಂದಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮಳವಳ್ಳಿಯಿಂದ ಪೂರಿಗಾಲಿ ಕಡೆಗೆ ಹೋಗುವಾಗ ಹೊಂಗೆ ಮರಗಳ ಒಂದು ತೋಪು ಸಿಗುತ್ತದೆ. ಅದರ ಪಕ್ಕ ಎರಡು ಕಟ್ಟಡ, ಒಂದು ಹಾಸ್ಟೆಲು, ಅರವತ್ತೆಂಟು ವಿದ್ಯಾರ್ಥಿಗಳು, ಐದು ಜನ ಮೇಷ್ಟ್ರು, ಹನ್ನೊಂದು ಸಮಿತಿ. ಸಮಾಜಕಾರ್ಯ ಮತ್ತು ಗ್ರಾಮೀಣಾಭಿವೃದ್ಧಿ ಎಂಬ ಎರಡೇ ವಿಷಯಕ್ಕೆ ಸ್ನಾತಕೋತ್ತರ ಪಾಠ. ಬೋರ್ಡಿನಲ್ಲಿ ಉದ್ದನೆಯ ಹೆಸರಿದ್ದರೂ ಸುತ್ತಲಿನವರ ಬಾಯಲ್ಲಿ ಅದು ಒಂಗೆತೋಪು ಕಾಲೇಜು. ಗೇಟಿನಲ್ಲಿ 'ಇದು ಪ್ಲಾಸ್ಟಿಕ್ ಮುಕ್ತ ಆವರಣ' ಎಂದು ಫ್ಲೆಕ್ಸಿನ ಮೇಲೆ ಹಸಿರು ಅಕ್ಷರದಲ್ಲಿ ಬರೆಸಿ ಕಟ್ಟಿದ್ದಾರೆ.

ಸಂಪತ್ ಕುಮಾರ ಮದ್ದೂರಿನಿಂದ ದಿನಾ ಸ್ಕೂಟರಿನಲ್ಲಿ ಬಂದು ಹೋಗುವವನು. 'ಸುಸ್ಥಿರ ಅಭಿವೃದ್ಧಿ ಮತ್ತು ಆಡಳಿತ' ಎಂಬ ಪತ್ರಿಕೆಯ ಪಾಠ ಅವನದು. ಪಾಠ ಮಾಡುವುದರಲ್ಲಿ ಅವನಿಗೆ ಸಾಟಿಯಿಲ್ಲ, ಇದನ್ನು ಅವನನ್ನು ಕಂಡರಾಗದವರೂ ಒಪ್ಪುತ್ತಾರೆ. ಒಂದು ನಿರ್ಧಾರದ ಕಷ್ಟ ಯಾರ ತಲೆಯ ಮೇಲೆ ಬೀಳುತ್ತದೋ ಅವರು ಆ ನಿರ್ಧಾರ ಮಾಡುವ ಕೋಣೆಯಲ್ಲಿ ಇರಬೇಕು ಎಂದು ಹೇಳುವಾಗ ಅವನ ದನಿ ತಾನಾಗಿಯೇ ಏರುತ್ತಿತ್ತು. ಹುಡುಗರು ಬರೆದುಕೊಳ್ಳುವುದನ್ನು ಬಿಟ್ಟು ಕೇಳುತ್ತಿದ್ದರು. ಅವನು ಅದನ್ನು ನಂಬಿಯೇ ಹೇಳುತ್ತಿದ್ದ. ನಂಬದೆ ಹೇಳಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಚಿಕ್ಕನಂಜಮ್ಮನನ್ನು ಸಮಿತಿಗೆ ಕರೆತಂದವನೂ ಅವನೇ. ಅವಳಿಗೆ ಕಾಲೇಜಿನ ಹಿಂಬದಿ ಗೋಡೆಯ ಆಚೆ ಇಪ್ಪತ್ತು ಗುಂಟೆ ಗದ್ದೆ. ಊರಿನ ಮಹಿಳಾ ಸಂಘದಲ್ಲಿ ಮುಂದಾಳು. ರುಜು ಹಾಕಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಮನೆಗೆ ಹೋಗಿ ಕೇಳಿದಾಗ ಅವಳು ರಾಗಿ ಕೇರುತ್ತಾ, "ನಾನೇನ್ ಮಾಡ್ಬೇಕು ಮೇಷ್ಟ್ರೆ, ನಂಗೇನ್ ಗೊತ್ತಾದದು?" ಎಂದಿದ್ದಳು. "ನೀವು ಹೇಳಿ ಅಮ್ಮ, ನಾವು ಬರೀತೀವಿ. ಅಷ್ಟೇ," ಎಂದಿದ್ದ ಅವನು.

ಮೊದಲ ಸಭೆಯ ದಿನ ಅವಳು ಪೈಪಿನ ಮಾತು ಹೇಳಿದಾಗ ಅವನು ನಿಜಕ್ಕೂ ಚೀಟಿಯಲ್ಲಿ ಗುರುತು ಹಾಕಿಕೊಂಡಿದ್ದ. ಶಶಿಧರ್ ಚೀಟಿ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು.

"ಸಂಪತ್, ಸಮಸ್ಯೆ ಬರೆದ್ರೆ ಪರಿಹಾರ ಎಲ್ಲಿ ಅಂತ ಕೇಳ್ತಾರೆ. ಮೊದಲು ಪರಿಹಾರ ಆಗ್ಲಿ, ಆಮೇಲೆ ಸಮಸ್ಯೆ ಬರೆಯೋಣ."

ಪರಿಹಾರಕ್ಕೆ ಆಡಳಿತ ಮಂಡಳಿ ಒಪ್ಪಬೇಕು, ಮಂಡಳಿ ಒಪ್ಪಲು ಅಂದಾಜು ಪಟ್ಟಿ ಬೇಕು, ಅಂದಾಜು ಪಟ್ಟಿ ಮಾಡಿಸಲು ಸಮಸ್ಯೆ ಎಲ್ಲಾದರೂ ಬರೆದಿರಬೇಕು. ಹೀಗೆ ಅದು ಅಲ್ಲಲ್ಲೇ ಸುತ್ತಿತು. ಎರಡನೇ ಸಭೆಯಿಂದ ಚಿಕ್ಕನಂಜಮ್ಮನನ್ನು ಪಡಸಾಲೆಯ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಹತ್ತು ನಿಮಿಷ ಮಾತು. ಜವಾನ ಪುಟ್ಟಸ್ವಾಮಿ ಅವಳಿಗೆ ಟೀ ಮತ್ತು ಸಂಪತ್ ಕುಮಾರ ಮದ್ದೂರಿನಿಂದ ಕಟ್ಟಿಸಿಕೊಂಡು ತಂದ ವಡೆ ಕೊಡುತ್ತಿದ್ದ. ಆಮೇಲೆ ಸಂಪತ್ ಕುಮಾರ ಖಾಲಿ ಪುಟ ಹಿಡಿದು ಹೊರಗೆ ಬಂದರೆ ಅವಳು ಸಾವಕಾಶವಾಗಿ, ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ರುಜು ಮಾಡುತ್ತಾ ನೀರಿನ ವಿಚಾರ ಹೇಳುವಳು. "ಬರ್ಕೊಂಡಿದೀನಿ ಅಮ್ಮ," ಎನ್ನುವನು. ಅವಳಿಗೆ ಅಷ್ಟು ಸಾಕಾಗುತ್ತಿತ್ತು.

ಪುಟಗಳನ್ನು ಅವನು ತುಂಬಿಸುತ್ತಿದ್ದದ್ದು ವರ್ಷಕ್ಕೊಮ್ಮೆ, ಒಂದೇ ಸಲ ಕೂತು. ಒಂದೇ ದಿನ ಬರೆದದ್ದು ಎಂದು ಗೊತ್ತಾಗಬಾರದೆಂದು ಮೂರು ಪೆನ್ನು ಬಳಸುವನು, ನೀಲಿ, ಕಪ್ಪು, ಇನ್ನೊಂದು ತುಸು ಮಾಸಿದ ನೀಲಿ. ಒಂದೇ ವಾಕ್ಯ ಮತ್ತೆ ಮತ್ತೆ ಬಂದರೆ ಚೆನ್ನಾಗಿರುವುದಿಲ್ಲವೆಂದು ಮಾತು ಬದಲಿಸಿ ಬದಲಿಸಿ ಬರೆಯುವನು. ಅದರಲ್ಲಿ ಅವನಿಗೆ ಸಣ್ಣ ಹೆಮ್ಮೆಯೂ ಇತ್ತು.

ಶನಿವಾರ ಮಧ್ಯಾಹ್ನ ಪ್ರೊಫೆಸರುಗಳಿಬ್ಬರೂ ಹೋಗುವ ಮುಂಚೆ ತಮ್ಮ ಅಭಿಪ್ರಾಯ ಓದಿದರು. ಇಷ್ಟು ಸಣ್ಣ ಸಂಸ್ಥೆಯಲ್ಲಿ ಸುಸ್ಥಿರತೆ ಪಾಠದಲ್ಲಷ್ಟೇ ಅಲ್ಲ, ಆಡಳಿತದಲ್ಲೂ ಇದೆ. ತನ್ನ ವಿರುದ್ಧದ ಟೀಕೆಯನ್ನೂ ಮುಚ್ಚಿಡದೆ ದಾಖಲಿಸುವ ಈ ಪ್ರಾಮಾಣಿಕತೆ ಬೇರೆಯವರಿಗೂ ಮಾದರಿ ಎಂದರು. ಪೈಪಿನ ಕೆಲಸ ಬೇಗ ಆಗಲಿ ಎಂದೂ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು. ಚಪ್ಪಾಳೆಯಲ್ಲಿ ಆ ಸಾಲು ಯಾರಿಗೂ ಕೇಳಿಸಲಿಲ್ಲ. ಶಶಿಧರ್ ಸಂಪತ್ ಕುಮಾರನ ಹೆಗಲು ತಟ್ಟಿ, "ಏನ್ ಸಮಯಸ್ಫೂರ್ತಿ ಮಾರಾಯ ನಿಂದು," ಎಂದರು. ಪುಟ್ಟಸ್ವಾಮಿ ಎಲ್ಲರಿಗೂ ಮೈಸೂರುಪಾಕು ಹಂಚಿದ. ಆಶಾರಾಣಿ ತನ್ನ ಪಾಲಿನದನ್ನು ಪಕ್ಕದವಳಿಗೆ ಕೊಟ್ಟದ್ದನ್ನು ಸಂಪತ್ ಕುಮಾರ ನೋಡಿದ. ಅವಳಿಗೆ ಸಿಹಿ ಸೇರುವುದಿಲ್ಲವೋ ಏನೋ ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದ, ಆಗಲಿಲ್ಲ.

ಅವನು ಸ್ಕೂಟರು ತೆಗೆಯುವಾಗ ಚಿಕ್ಕನಂಜಮ್ಮ ಗೇಟಿನ ಬಳಿ ಕಾಯುತ್ತಿದ್ದಳು.

"ಮೇಷ್ಟ್ರೆ, ನೀವ್ ಓದುದ್ರಲ್ಲ, ಆ ಪುಟುದ್ದು ಒಂದ್ ಜೆರಾಕ್ಸ್ ಕೊಡಿ. ಬುದ್ವಾರ ಪಂಚಾಯ್ತಿ ಸಬೆ ಐತೆ. ನಾನ್ ಯೋಳಿ ಎಲ್ಡ್ ವರ್ಸ ಆಯ್ತು, ಕಾಲೇಜ್ನೋರೆ ಬರ್ದವ್ರೆ, ನನ್ ರುಜುನೂ ಐತೆ ಅಂತ ತೋರುಸ್ಬುಟ್ರೆ ಅವ್ರು ಇಲ್ಲ ಅನ್ನಕ್ಕಾಯ್ತದಾ? ನಾಟಿ ನಡೀತಾ ಐತೆ, ಈ ಸಲನಾದ್ರೂ ನೀರ್ ತಿರುಗ್ಲಿ."

"ಸೋಮವಾರ ಕೊಡ್ತೀನಿ ಅಮ್ಮ."

"ಕೊಡಿ, ಅವಸ್ರ ಇಲ್ಲ. ನಮ್ ಪುಟ್ಟರಾಜ ಅವತ್ತೇ ಪೈಪ್ ಮುಚ್ಚಾಕ್ತೀನಿ ಅಂತ ಗುದ್ಲಿ ತಕ್ಕಂಡ್ ಬಂದಿದ್ದ. ಎಂಗಸ್ರೂ ಅವನ್ ಇಂದ್ಗುಟ್ಲೆ ಎದ್ ನಿಂತಿದ್ರು. ನಾನೇ ತಡುದ್ನಿ. ತಡೀರ್ಲಾ, ಬರವಣಿಗೇಲಿ ಐತೆ, ಜಗಳ ಯಾಕೆ ಅಂತ. ಈಗ ಗೊತ್ತಾಯ್ತದೆ ಅವ್ರ್ಗೆ."

ಪುಟ್ಟರಾಜು ಅವಳ ಪಕ್ಕದ ಗದ್ದೆಯವನು. ಅವನು ಗುದ್ದಲಿ ಹಿಡಿದು ಬಂದಿದ್ದ ಸಂಗತಿ ಸಂಪತ್ ಕುಮಾರನಿಗೆ ಅಲ್ಲಿಯ ತನಕ ತಿಳಿದಿರಲಿಲ್ಲ. ಮದ್ದೂರಿನ ದಾರಿಯುದ್ದಕ್ಕೂ ಅವನಿಗೆ ಅದೇ ಯೋಚನೆ. ತಾನು ಬರೆಯದೇ ಇದ್ದ ಒಂದು ಸಾಲನ್ನು ನಂಬಿಕೊಂಡು ಒಂದು ಊರಿನ ಹೆಂಗಸರು ಎರಡು ವರ್ಷ ಕಾಲು ಕೆರೆದುಕೊಂಡು ಸುಮ್ಮನಿದ್ದರು.

ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಅವನು ಊಟದ ಮೇಜಿನ ಮೇಲೆ ಒಂದು ಹೊಸ ನಡಾವಳಿ ಪುಸ್ತಕ ಬಿಚ್ಚಿದ. ಪಕ್ಕದಲ್ಲಿ ಹಳೆಯದು. ಮೂರು ಪೆನ್ನು ಸಾಲಾಗಿ ಇಟ್ಟುಕೊಂಡ. ಹೆಂಡತಿ ಆಂಡಾಳ್ ಹುಣಸೆಹಣ್ಣು ಬಿಡಿಸುತ್ತಾ ಎದುರಿಗೆ ಕೂತಿದ್ದಳು.

"ಮತ್ತೆ ಮಿನಿಟ್ಸಾ? ಬಂದೋರು ಹೋದರಲ್ಲ," ಎಂದಳು.

"ಇದು ಬೇರೆ. ಇದು ಸರಿಯಾದ್ದು."

ಮೊದಲ ಸಭೆಯ ತಾರೀಖು ಹಾಕಿ ಚಿಕ್ಕನಂಜಮ್ಮ ಅಂದು ಹೇಳಿದ್ದನ್ನೆಲ್ಲ ಬರೆದ. ಎರಡನೆಯದು ಬರೆದ. ಪದಕ್ಕಾಗಿ ತಡಕಾಡಬೇಕಾಗಲಿಲ್ಲ. ಇಷ್ಟು ಸಲೀಸಾಗಿ ಅವನು ಯಾವ ನಡಾವಳಿಯನ್ನೂ ಬರೆದಿರಲಿಲ್ಲ. ಎದೆಯ ಮೇಲಿನ ಭಾರ ಇಳಿಯಿತು ಎಂದುಕೊಂಡು ಪುಟದ ಕೆಳಗೆ ಬಂದಾಗ ಪೆನ್ನು ನಿಂತಿತು.

"ಯಾಕೆ ನಿಲ್ಲಿಸಿದ್ರಿ?"

"ಇಲ್ಲಿ ಅವರ ಸಹಿ ಬೇಕು. ಒಂಬತ್ತು."

"ಕೇಳಿ. ಅವರು ಹಾಕಲ್ವೆ?"

"ಹಾಕ್ತಾರೆ," ಎಂದ ಅವನು. "ಕೇಳಿದರೆ ಯಾಕೆ ಅಂತಲೂ ಕೇಳಲ್ಲ, ಹಾಕ್ತಾರೆ."

ಆಂಡಾಳ್ ಅವನ ಮುಖ ನೋಡಿದಳು. ಹಿಂದಿನ ವರ್ಷಗಳಲ್ಲಿ ಅವನು 'ಹರ್ಷ' ಎನ್ನಲೋ 'ಸಂತಸ' ಎನ್ನಲೋ ಎಂದು ಕೇಳಿದಾಗ ನಗುತ್ತಾ ಪದ ಆರಿಸಿ ಕೊಟ್ಟವಳು ಅವಳೇ. ಈಗ ನಗಲಿಲ್ಲ. ಹುಣಸೆಬೀಜಗಳನ್ನು ಅಂಗೈಯಲ್ಲಿ ಗುಡಿಸಿಕೊಂಡು, "ಹಾಗಾದ್ರೆ ಅದನ್ನ ಎತ್ತಿಡಿ," ಎಂದು ಎದ್ದು ಹೋದಳು. ಅವನು ಬರೆದ ಎರಡು ಹಾಳೆಗಳನ್ನು ಹರಿದು ಸಣ್ಣಗೆ ಚೂರು ಮಾಡಿದ. ನಿಜವನ್ನು ಬರೆದ ಹಾಳೆಗಳು ಅವೆರಡೇ ಆಗಿದ್ದವು.

ಸೋಮವಾರ ಒಂಬತ್ತು ಗಂಟೆಗೆ ಮುಂಚೆಯೇ ಸ್ಕೂಟರನ್ನು ತೋಪಿನಲ್ಲಿ ನಿಲ್ಲಿಸಿ, ಹಳೆಯ ಪುಸ್ತಕ ಹಿಡಿದುಕೊಂಡು ಕಾಲೇಜಿನ ಗೋಡೆಯ ಮಗ್ಗುಲಲ್ಲೇ ಹಿಂದಕ್ಕೆ ನಡೆದ. ಬದು ಜಾರುತ್ತಿತ್ತು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ. ಎರಡು ವರ್ಷ ಅವಳ ಬಾಯಿಂದ ಕೇಳಿದ ಆ ಜಾಗಕ್ಕೆ ಅವನು ಬರುತ್ತಿದ್ದುದು ಇದೇ ಮೊದಲು. ಗೋಡೆಯಿಂದ ಹೊರಚಾಚಿದ ಪೈಪು ಮಾರಗಲದ ಕಾಲುವೆಗೆ ಬೂದು ಬಣ್ಣದ ನೀರು ಸುರಿಸುತ್ತಿತ್ತು. ಬೆಳಗಿನ ಉಪ್ಪಿಟ್ಟಿನ ಕಾಳುಗಳು, ಕರಿಬೇವಿನ ಎಲೆ, ನೊರೆ. ಅನ್ನ ಹಳಸಿದ ವಾಸನೆ ಮೂಗಿಗೆ ಹೊಡೆಯಿತು.

ಗದ್ದೆಯಲ್ಲಿ ಏಳೆಂಟು ಹೆಂಗಸರು ಬಗ್ಗಿ ನಾಟಿ ಹಾಕುತ್ತಿದ್ದರು. ಇವತ್ತು ನನ್ನ ಗದ್ದೆಗೆ ನೀವು, ನಾಳೆ ನಿಮ್ಮದಕ್ಕೆ ನಾನು ಎಂಬ ಮುಯ್ಯಾಳು. ಎಲ್ಲರೂ ಕಾಲಿಗೆ ಹರಳೆಣ್ಣೆ ಬಳಿದುಕೊಂಡಿದ್ದರು. ಅವನನ್ನು ನೋಡಿ ಚಿಕ್ಕನಂಜಮ್ಮ ಸೊಂಟ ಹಿಡಿದುಕೊಂಡು ನೆಟ್ಟಗಾದಳು.

"ಅಯ್ಯ, ನೀವ್ಯಾಕ್ ಈ ಕೆಸ್ರಲ್ ಬಂದ್ರಿ ಮೇಷ್ಟ್ರೆ? ಯೋಳ್ ಕಳ್ಸಿದ್ರೆ ನಾನೇ ಬತ್ತಿದ್ನಲ್ಲ. ಜೆರಾಕ್ಸ್ ತಂದ್ರಾ?"

"ತಂದಿಲ್ಲ ಅಮ್ಮ. ನೀವು ಹೇಳಿದ್ದು ಈ ಪುಸ್ತಕದಲ್ಲಿ ಇಲ್ಲ."

"ಇಲ್ಲ ಅಂದ್ರೆ? ಮೊನ್ನೆ ಓದುದ್ರಲ್ಲ."

"ಬಾಯಿಂದ ಹೇಳಿದೆ. ಬರೆದಿರೋದು ಬೇರೆ. ಬರೆದಿರೋನು ನಾನೇ."

ನಿರ್ದೇಶಕರು ಹೇಳಿದ್ದು, ಸಮಸ್ಯೆ, ಪರಿಹಾರ, ಮಂಡಳಿ, ಎಲ್ಲವನ್ನೂ ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ. ಅವಳು ಅದೊಂದನ್ನೂ ಕೇಳಲಿಲ್ಲ.

"ಬೇರೆ ಅಂದ್ರೆ ಏನೈತೆ?"

ಅವನು ಪುಸ್ತಕ ಬಿಚ್ಚಿ ತಗ್ಗಿದ ದನಿಯಲ್ಲಿ ಮೊದಲ ಸಾಲು ಓದತೊಡಗಿದ. ಅವಳು ಕೆಸರು ಕೈ ಅಡ್ಡ ಹಿಡಿದು ನಿಲ್ಲಿಸಿದಳು.

"ನಂಗೊಬ್ಳಿಗೆ ಯಾಕ್ ಓದೀರಿ? ನನ್ ಮಾತ್ ನಂಬ್ಕಂಡ್ ಸುಮ್ಕಿದ್ದೋರು ಅವ್ರು. ಅವ್ರ್ ಮುಂದೆ ಓದಿ," ಎಂದು ಹಿಂದಕ್ಕೆ ತಿರುಗಿ, "ಬನ್ರಮ್ಮಿ ಎಲ್ಲ ಇತ್ಲಾಗೆ," ಎಂದು ಕರೆದಳು.

ಹೆಂಗಸರು ಪೈರಿನ ಕಟ್ಟುಗಳನ್ನು ಕೈಯಲ್ಲಿ ಹಿಡಿದೇ ಬದುವಿನ ಕೆಳಗೆ ಬಂದು ನಿಂತರು. ಪಕ್ಕದ ಗದ್ದೆಯಲ್ಲಿ ಟಿಲ್ಲರ್ ಓಡಿಸುತ್ತಿದ್ದ ಪುಟ್ಟರಾಜು ಎಂಜಿನ್ ಆರಿಸಿ ಅಲ್ಲಿಂದಲೇ ಕಿವಿಗೊಟ್ಟ. ಸಂಪತ್ ಕುಮಾರ ಬದುವಿನ ಮೇಲೆ, ಅವರೆಲ್ಲರಿಗಿಂತ ಎತ್ತರದಲ್ಲಿ. ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ಇಷ್ಟು ಜನರ ಮುಂದೆ ನಿಂತು ಓದುವುದು ಏನು ಮಹಾ. ಆದರೂ ಪುಸ್ತಕವನ್ನು ಮುಖಕ್ಕೆ ಅಡ್ಡವಾಗಿ ಹಿಡಿದ.

"ಮೊದಲನೇ ಸಭೆ. ಶ್ರೀಮತಿ ಚಿಕ್ಕನಂಜಮ್ಮನವರು ಸಂಸ್ಥೆಯ ಜಲ ನಿರ್ವಹಣೆಯ ಬಗ್ಗೆ ತೃಪ್ತಿ ವ್ಯಕ್ತಪಡಿಸಿದರು."

ಪುಟ ತಿರುಗಿಸಿದ.

"ಎರಡನೇ ಸಭೆ. ಹಸಿರು ಆವರಣಕ್ಕಾಗಿ ಸಂಸ್ಥೆ ಕೈಗೊಂಡ ಕ್ರಮಗಳನ್ನು ಶ್ಲಾಘಿಸಿದರು."

"ಸ್ಲಾಗ್ಸುದ್ರು ಅಂದ್ರೇನು?" ಎಂದು ತುದಿಯಲ್ಲಿದ್ದ ಹೆಂಗಸು ಕೇಳಿದಳು.

"ಹೊಗಳಿದರು," ಎಂದ ಅವನು. ಅವಳು ಚಿಕ್ಕನಂಜಮ್ಮನ ಕಡೆ ನೋಡಿದಳು. ಚಿಕ್ಕನಂಜಮ್ಮ ಅವನ ಕಡೆಯೇ ನೋಡುತ್ತಿದ್ದಳು.

ಮೂರನೆಯದು ಓದಿದ, ನಾಲ್ಕನೆಯದು ಓದಿದ. ಬದಲಿಸಿ ಬದಲಿಸಿ ಬರೆದಿದ್ದ ಆ ಚೆಂದದ ಮಾತುಗಳು ಒಂದೊಂದೂ ಬಾಯಲ್ಲಿ ಕಲ್ಲಿನ ಹಾಗೆ ಸಿಕ್ಕಿಕೊಳ್ಳುತ್ತಿದ್ದವು. ಐದನೆಯದಕ್ಕೆ ಬಂದಾಗ ತಾರೀಖು ನೋಡಿ ಓದುವುದನ್ನು ನಿಲ್ಲಿಸಿದ. ಬಿಟ್ಟುಬಿಡೋಣವೆನ್ನಿಸಿತು. ಅವರಿಗೆ ಎಲ್ಲಿ ಗೊತ್ತಾಗುತ್ತದೆ ಎಂದು ಒಳಗಿನ ಹಳೆಯ ಬುದ್ಧಿ ಹೇಳಿತು. ಓದಿದ.

"ಐದನೇ ಸಭೆ, ಫೆಬ್ರವರಿ ಹದಿನಾರು. ಹಾಸ್ಟೆಲಿನ ನೀರಿನ ಮರುಬಳಕೆಯಿಂದ ರೈತರಿಗೆ ಆಗಿರುವ ಅನುಕೂಲದ ಬಗ್ಗೆ ಹರ್ಷ ವ್ಯಕ್ತಪಡಿಸಿದರು."

"ಫೆಬ್ರವರಿ ಅದಿನಾರು," ಎಂದಳು ಅವರಲ್ಲಿ ಹಿರಿಯಳಾದ ಹೆಂಗಸು. "ಅದು ನಿನ್ ಗಂಡುನ್ ತಿಥಿ ಮಾರ್ನೆ ದಿನ ಅಲ್ವೇನಮ್ಮಿ? ಬ್ಯಾಡ ಕಣೇ ಅಂದ್ರೂ ಸಬೆ ತಪ್ಪಿಸ್ಬಾರ್ದು ಅಂತ ಎದ್ ಬಂದ್ಯಲ್ಲ."

"ಊಂ," ಎಂದಳು ಚಿಕ್ಕನಂಜಮ್ಮ.

ಅವನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಅವಳು ಬೆಂಚಿನ ತುದಿಯಲ್ಲಿ ಕೂತು ವಡೆ ಬೇಡ ಎಂದಿದ್ದಳು. ಬರೆಯುವ ಹೊತ್ತಿಗೆ ಅದು ಅವನ ತಲೆಯಲ್ಲಿ ಇರಲಿಲ್ಲ. ತಿಂಗಳುಗಳಾದ ಮೇಲೆ ಕೂತು ಬರೆದದ್ದಲ್ಲವೇ. ಉಳಿದ ನಾಲ್ಕನ್ನು ತಲೆ ಎತ್ತದೆ ಓದಿ ಮುಗಿಸಿದ.

"ಮುಗೀತಾ?" ಎಂದಳು ಚಿಕ್ಕನಂಜಮ್ಮ.

"ಮುಗೀತು."

ಅವಳು ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡಳು. ಎರಡು ಸಲ, ಬೆರಳ ಸಂದಿಯನ್ನೂ ಬಿಡದೆ. ಆಮೇಲೆ ಪುಸ್ತಕ ಇಸಿದುಕೊಂಡು ಒಂದೊಂದೇ ಪುಟ ತಿರುಗಿಸುತ್ತಾ ಕೆಳತುದಿಯನ್ನಷ್ಟೇ ನೋಡುತ್ತಾ ಹೋದಳು. ಅವಳು ಬೈದಾಳು ಎಂದು ಅವನು ಕಾದ. ಬೈಯಲಿ ಎಂದು ಆಸೆಪಟ್ಟ. ಬೈದರೆ ಬೈಸಿಕೊಂಡು ಮನೆಗೆ ಹೋಗಬಹುದಿತ್ತು.

"ರುಜು ನಂದೇ ಕಣಮ್ಮಿ," ಎಂದು ಅವಳು ಹೆಂಗಸರ ಕಡೆ ತಿರುಗಿ ಹೇಳಿದಳು. ತಪ್ಪು ಒಪ್ಪಿಕೊಳ್ಳುವವರ ದನಿ. "ಒಂಬತ್ತೂ ನಾನೇ ಆಕಿವ್ನಿ. ಇನ್ನ್ ಯಾರ್ನ ಅನ್ನನ?"

"ಅಮ್ಮ, ತಪ್ಪು ನಂದು. ಬುಧವಾರ ಪಂಚಾಯ್ತಿಗೆ ನಾನೇ ಬರ್ತೀನಿ, ನಾನೇ ಹೇಳ್ತೀನಿ..."

ಅವಳು ಪುಸ್ತಕವನ್ನು ಮುಚ್ಚಿ, ರಟ್ಟಿಗೆ ಅಂಟಿದ್ದ ಕೆಸರನ್ನು ಮುಂಗೈಯಲ್ಲಿ ಒರೆಸಿ ವಾಪಸ್ಸು ಕೊಟ್ಟಳು. ಅವನ ಮಾತು ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

"ಪುಟ್ಟರಾಜ, ಗುದ್ಲಿ ತತ್ತಾ. ಅಂಗೆ ಗೋಣಿಚೀಲ ಇದ್ರೂ ತಗಂಬಾ," ಎಂದಳು.

ಪುಟ್ಟರಾಜು ಅವತ್ತೇ ಹೇಳಲಿಲ್ಲವೇ ಎನ್ನಲಿಲ್ಲ. ಸುಮ್ಮನೆ ಗುದ್ದಲಿ, ಚೀಲ ತಂದ. ಹೆಂಗಸರು ಪೈರಿನ ಕಟ್ಟುಗಳನ್ನು ನೀರಿನಲ್ಲಿ ನಿಲ್ಲಿಸಿ ಸೀರೆ ಎತ್ತಿ ಕಟ್ಟಿ ಬದು ಹತ್ತಿದರು. ಒಬ್ಬಳು ಚೀಲದ ಬಾಯಿ ಹಿಡಿದಳು, ಇಬ್ಬರು ಮಣ್ಣು ತುಂಬಿದರು, ಪುಟ್ಟರಾಜು ಕಾಲುವೆಗೆ ಇಳಿದು ಪೈಪಿನ ಬಾಯಿಗೆ ಚೀಲ ಕೊಟ್ಟು ಒತ್ತಿ ನಿಂತ. ಯಾರೂ ಜೋರಾಗಿ ಮಾತಾಡಲಿಲ್ಲ. ಮುಯ್ಯಾಳಿನ ಕೆಲಸದಲ್ಲಿ ಇದೂ ಒಂದು ಎನ್ನುವ ಹಾಗಿತ್ತು.

ಸಂಪತ್ ಕುಮಾರನೂ ಒಂದು ಕೈ ಹಾಕಬೇಕೆಂದು ಮುಂದೆ ಬಂದ. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಪುಸ್ತಕ. ಇಡಲು ಒಣ ಜಾಗ ಹುಡುಕುತ್ತಿದ್ದಾಗ ಚಿಕ್ಕನಂಜಮ್ಮ ಎರಡು ಕೈ ತುಂಬ ಮಣ್ಣಿನ ಹೆಂಟೆ ಹೊತ್ತು ಎದುರಿಗೆ ಬಂದಳು.

"ಅಡ್ಡ ಇದ್ದೀರಿ, ವಸಿ ಸರ್ಕಳಿ," ಎಂದಳು.

ಅವನು ಸರಿದು ನಿಂತ. ಅವಳು ಅವನನ್ನು ದಾಟಿಕೊಂಡು ಹೋಗಿ ಪೈಪಿನ ಮೇಲೆ ಮಣ್ಣು ಹಾಕಿ ಅಂಗೈಯಿಂದ ಮೆತ್ತಿದಳು. ನೀರಿನ ಸದ್ದು ನಿಂತಿತು. ಗೋಡೆಯ ಆಚೆ ಮಹಡಿಯ ಕಂಬಿಯ ಬಳಿ ನಾಲ್ಕೈದು ವಿದ್ಯಾರ್ಥಿಗಳು ಬಂದು ಕೆಳಗೆ ನೋಡುತ್ತಿದ್ದರು. ಅವರಲ್ಲಿ ಆಶಾರಾಣಿಯೂ ಇದ್ದಳು. ಮೊದಲ ತರಗತಿಯ ಗಂಟೆ ಹೊಡೆಯಿತು. ಅದು ಅವನದೇ ತರಗತಿ. ಹೆಂಗಸರು ಬದುವಿನ ಅಗಲಕ್ಕೂ ಸಾಲಾಗಿ ಬಗ್ಗಿ ಮಣ್ಣು ಎತ್ತಿ ಕೊಡುತ್ತಿದ್ದರು, ಮತ್ತು ಕಾಲೇಜಿಗೆ ವಾಪಸ್ಸು ಹೋಗುವ ದಾರಿ ಅವರನ್ನು ದಾಟಿಕೊಂಡೇ ಇತ್ತು.